ಮುದ್ರೆಯಲ್ಲ, ಮಾತಿನ ಹಕ್ಕು

ಚಹಾಪುಡಿಯ ಪೊಟ್ಟಣದ ಮೇಲೆ ‘ನೈತಿಕ ವ್ಯಾಪಾರ’ದ ಮುದ್ರೆ ಇದ್ದಮಾತ್ರಕ್ಕೆ ಚಿಗುರು ಕಿತ್ತವಳಿಗೆ ನ್ಯಾಯ ಸಂದಿತೆಂದು ಭಾವಿಸಲಾಗದು. ಕೇರಳದ ಮುನ್ನಾರಿನ ತೋಟಗಳನ್ನು 2005ರಲ್ಲಿ ವಹಿಸಿಕೊಂಡ ಕಂಪನಿಯಲ್ಲಿ ಕಾರ್ಮಿಕರೂ ಷೇರುದಾರರಾಗಿದ್ದರು. ಆದರೆ 2015ರ ಬೋನಸ್ ಕಡಿತವನ್ನು ಆ ಷೇರುಪತ್ರಗಳು ತಡೆಯಲಿಲ್ಲ. ಆಗ ಅವರ ದಿನಗೂಲಿ 232 ರೂಪಾಯಿ. ಆ ಸೆಪ್ಟೆಂಬರಿನಲ್ಲಿ ಸಾವಿರಾರು ಮಹಿಳೆಯರು ಕಾರ್ಮಿಕ ಸಂಘಗಳ ನಾಯಕರನ್ನೂ ದೂರವಿರಿಸಿ, ‘ಪೆಂಬಿಳೈ ಒರುಮೈ’, ಅಂದರೆ ಹೆಣ್ಣುಮಕ್ಕಳ ಒಗ್ಗಟ್ಟು, ಎಂಬ ಹೆಸರಿನಲ್ಲಿ ಬೀದಿಗಿಳಿದರು. ಬೋನಸ್ಸಿನ ಬೇಡಿಕೆ ಈಡೇರಿತು. ಮುಂದುವರಿದ ಹೋರಾಟದಿಂದ ಅಕ್ಟೋಬರಿನಲ್ಲಿ ಕೂಲಿ 301 ರೂಪಾಯಿಗೆ ಏರಿತು.

ತಪಾಸಕರು ಬಂದು ಹೋಗುವವರು. ಸಂಘಟನೆ ದಿನವೂ ತೋಟದಲ್ಲಿರುವಂಥದು. ಇಂಥ ಮುದ್ರೆಗಳು ಕೊಡಗು, ಚಿಕ್ಕಮಗಳೂರುಗಳ ಕಾಫಿಗೂ ಬಂದಿವೆ. ಮುದ್ರೆ ನೀಡುವವರೂ ಕೊಳ್ಳುವವರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೂಲಿ ನಿಗದಿಯಾಗುವಾಗ ದುಡಿದವರ ಮಾತಿಗೆ ಬೆಲೆ ಇತ್ತೆ?