ಟ್ರಂಕಿನ್ಯಾಗಿನ ಸೀರಿ

ಇಷ್ಟ ಸಣ್ಣ ಮನ್ಯಾಗ ಏನ್ ಛಂದ ಮಾಡೂದ್ರಿ ಅಂತೀರಲ್ಲ, ನಾನೂ ಹಂಗ ಅಂತಿದ್ದೆ. ನಮ್ಮದು ಒಂದ ಖೋಲಿ, ಒಂದ ಅಡಗಿಮನಿ, ನಡುವ ಬಾಗಲಾ ಇಲ್ಲ. ಪಡದೆ ಹಾಕೂಣು ಅಂತ ಅಂಗಡಿ ಸುತ್ತಿದೆ, ಯಾವದೂ ಮನಸಿಗೆ ಬರಲಿಲ್ಲ.

ಅಷ್ಟ್ರಾಗ ಹಳೇ ಸೀರಿಗೆ ಸ್ಟೀಲ್ ಡಬ್ಬಿ ಕೊಡಾಕಿ ಬಂದ್ಲು. ಟ್ರಂಕ್ ತಗದೆ. ಅವ್ವನ ಇಳಕಲ್ ಸೀರಿ ಮಡಿಕ್ಯಾಗ ಹರದಿತ್ತು. ಸೆರಗಿನ್ಯಾಗ ಅಕಿ ಹಾಕಿದ ಕಸೂತಿ ಮಾತ್ರ ಗಟ್ಟಿ ಇತ್ತು: ತುಳಸಿಕಟ್ಟಿ, ಆನಿ, ತೇರು. ಡಬ್ಬಿ ಬ್ಯಾಡ ಅಂದೆ.

ಎಲ್ಲಾ ಗವಂತಿ ಹೊಲಿಗಿ. ಅದಕ್ಕ ಗಂಟಿಲ್ಲ, ಹಿಂದ-ಮುಂದ ಇಲ್ಲ, ಎರಡೂ ಕಡೆ ಒಂದ ಥರ. ಸಣ್ಣ ಮನಿಗೆ ಇದಕ್ಕಿಂತ ಪಡದೆ ಬೇಕೇನ್ರಿ? ಸೆರಗಿಗೆ ಅಸ್ತರ ಹಚ್ಚದನ ತೂಗ ಹಾಕಿದೆ, ಉಳದ ಸೀರಿ ಕೌದಿಗಾತು.

ನನ್ನ ಮಾತು ಇಷ್ಟ: ಜಾಗಾ ಕಡಿಮಿ ಇದ್ದಲ್ಲಿ ಬರೇ ತೋರಿಕಿ ಸಾಮಾನು ಧೂಳಕ್ಕ ಮನಿ ಆಗ್ತದ. ಕೆಲಸಕ್ಕೂ ಬರಬೇಕು, ನಮ್ಮವರ ನೆನಪೂ ಇರಬೇಕು, ಅಂಥಾದ್ದು ಒಂದ ಸಾಕು. ಈಗ ಒಲಿ ಮುಂದ ನಿಂತ್ರೂ, ಹಾಸಿಗ್ಯಾಗ ಮಲಕೊಂಡ್ರೂ ಅವ್ವನ ತೇರು ಕಾಣ್ತದ.

ಡಬ್ಬಿಯಾಕಿ ನಿಮ್ಮ ಓಣಿಗೂ ಬರ್ತಾಳ. ಅಕಿಕಿಂತ ಮೊದಲ ನಿಮ್ಮ ಟ್ರಂಕ್ ನೀವ ತಗದು ನೋಡ್ರೆವ್ವಾ.