ಹೋದರೂ ತಪ್ಪು, ಬಂದರೂ ತಪ್ಪು!

ಶನಿವಾರ ಬೆಳಿಗ್ಗೆ ಮಕ್ಕಳ ಸಾಕರ್ ಪಂದ್ಯಕ್ಕೆಂದು ಮೈದಾನದ ಅಂಚಿನಲ್ಲಿ ಮಡಿಸುವ ಕುರ್ಚಿ ಹಾಕಿ ಕೂರುವ ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರಿಗೆ ಒಂದು ಪ್ರಶ್ನೆ ಪರಿಚಿತವೇ. ಯುರೋಪಿನಲ್ಲಿ ನಮ್ಮ ಹುಡುಗ ಇವತ್ತು ಆಡಿದನೋ, ಬೆಂಚು ಕಾದನೋ? ಇಲ್ಲಿನ ಅಭಿಮಾನಿಗಳಿಗೆ ಆಟಕ್ಕಿಂತ ಆಟಗಾರನ ವಿಳಾಸವೇ ಮುಖ್ಯ. ಅಲ್ಲಿ ಬೆಂಚು ಕಾದರೆ 'ಯಾಕೆ ಹೋದ?' ಎಂಬ ಕೊಂಕು, ಮರಳಿ ಬಂದು ಮೇಜರ್ ಲೀಗ್ ಸಾಕರ್ (ಎಂಎಲ್ಎಸ್) ತಂಡ ಸೇರಿದರೆ 'ಎದೆಗಾರಿಕೆ ಸಾಲದು' ಎಂಬ ಬಿರುದು. ಅತ್ತ ದರಿ, ಇತ್ತ ಪುಲಿ.

ಲ್ಯಾಂಡನ್ ಡೊನೊವನ್‌ನನ್ನೇ ನೋಡಿ. ಹದಿಹರೆಯದಲ್ಲೇ ಜರ್ಮನಿಯ ಬೇಯರ್ ಲೆವರ್ಕುಸೆನ್ ಸೇರಿದ ಹುಡುಗ ಅಲ್ಲಿ ಒಗ್ಗಲಿಲ್ಲ. 2001ರಲ್ಲಿ ಸ್ಯಾನ್ ಹೋಸೆಗೆ ಬಂದು, ಆ ವರ್ಷವೂ 2003ರಲ್ಲೂ ಎಂಎಲ್ಎಸ್ ಕಪ್ ಗೆದ್ದ ತಂಡದಲ್ಲಿದ್ದ. 2010ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಕೊನೆಗಳಿಗೆಯಲ್ಲಿ ಗೋಲು ಹೊಡೆದು ತಂಡವನ್ನು ಮುಂದಿನ ಸುತ್ತಿಗೆ ಒಯ್ದವನೂ ಇವನೇ. ದೇಶಕ್ಕಾಗಿ ಒಟ್ಟು 57 ಗೋಲು. ಆದರೂ 'ಮನೆ ನೆನಪಾಗಿ ಓಡಿ ಬಂದವನು' ಎಂಬ ಹಣೆಪಟ್ಟಿ ಕಳಚಲೇ ಇಲ್ಲ! ಅಷ್ಟೇ 57 ಗೋಲು ಹೊಡೆದ ಕ್ಲಿಂಟ್ ಡೆಂಪ್ಸಿ ಇಂಗ್ಲೆಂಡಿನ ಫುಲಾಮ್‌ನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದವನು. 2011-12ರಲ್ಲಿ ಲೀಗ್ ಪಂದ್ಯಗಳಲ್ಲೇ 17 ಗೋಲು. 2013ರಲ್ಲಿ ಸಿಯಾಟಲ್‌ಗೆ ಬಂದದ್ದೇ ತಡ, ಅವನಿಗೂ ಅದೇ ಮಾತು. ಅಂದಿನ ರಾಷ್ಟ್ರೀಯ ಕೋಚ್ ಯೂರ್ಗೆನ್ ಕ್ಲಿನ್ಸ್‌ಮನ್ ಕೂಡ ಇಂಥ ವಾಪಸಾತಿಯ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡಿದ್ದರು.

ಯುರೋಪಿನ ದೊಡ್ಡ ಲೀಗ್‌ಗಳ ಮಟ್ಟ ಎತ್ತರದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆಡದೆ ಯಾರೂ ಬೆಳೆಯುವುದಿಲ್ಲ. 14ನೇ ವಯಸ್ಸಿಗೇ 2004ರಲ್ಲಿ ಡಿ.ಸಿ. ಯುನೈಟೆಡ್ ಪರ ಆಡಿದ ಫ್ರೆಡ್ಡಿ ಅಡು ನೆನಪಿರಬಹುದು. 2007ರಲ್ಲಿ ಬೆನ್ಫಿಕಾ ಸೇರಿದ. ಆಮೇಲೆ ಮೊನಾಕೊ, ಪೋರ್ಚುಗಲ್ಲಿನದೇ ಇನ್ನೊಂದು ಕ್ಲಬ್, ಗ್ರೀಸ್, ಟರ್ಕಿ ಅಂತ ಎರವಲು ಸಾಮಾನಿನ ಹಾಗೆ ತಿರುಗಿದ. ಕ್ಲಬ್ಬುಗಳ ಹೆಸರು ದೊಡ್ಡದು, ಮೈದಾನದಲ್ಲಿ ಕಳೆದ ನಿಮಿಷಗಳು ಕಡಿಮೆ.

ಈಗ ಪೆನ್ಸಿಲ್ವೇನಿಯಾದ ಹರ್ಷಿಯ ಹುಡುಗ ಕ್ರಿಶ್ಚಿಯನ್ ಪುಲಿಸಿಕ್ ಸರದಿ. 18 ತುಂಬದವರು ಹೊರದೇಶದ ಕ್ಲಬ್ ಸೇರಲು ಫಿಫಾ ನಿಯಮ ಸುಲಭಕ್ಕೆ ಬಿಡುವುದಿಲ್ಲ. ಅಜ್ಜನ ಕಡೆಯಿಂದ ಕ್ರೊಯೇಷಿಯಾದ ಪಾಸ್‌ಪೋರ್ಟ್ ಸಿಕ್ಕಿದ್ದರಿಂದ 16ಕ್ಕೇ ಡಾರ್ಟ್‌ಮಂಡ್ ಸೇರಿದ. (ಪಾಸ್‌ಪೋರ್ಟಿನ ಮಹಿಮೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ!) 2021ರಲ್ಲಿ ಚೆಲ್ಸಿ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದ, 2023ರಲ್ಲಿ ಎಸಿ ಮಿಲಾನ್‌ಗೆ ಹೋದ. ಇಟಲಿಯಲ್ಲಿ ಒಂದೇ ಋತುವಿನಲ್ಲಿ ಸುಮಾರು 50 ಪಂದ್ಯ ಆಡಿ ದಣಿದು, 2025ರ ಗೋಲ್ಡ್ ಕಪ್‌ಗೆ ವಿಶ್ರಾಂತಿ ಕೇಳಿದ. ಅಷ್ಟಕ್ಕೇ ದೇಶದ್ರೋಹವೇನೋ ಎಂಬಷ್ಟು ಗದ್ದಲ. ಅದಕ್ಕೆ ಮುಂಚಿನ ಎರಡು ಸ್ನೇಹ ಪಂದ್ಯಗಳಲ್ಲಿ ಆಡಲು ತಾನು ಸಿದ್ಧನಿದ್ದೆ, ಕೋಚ್ ಪೊಚೆಟಿನೊ ಒಪ್ಪಲಿಲ್ಲ ಎಂದು ಅವನು ಹೇಳಿದ ಮೇಲೂ ಬೈಗುಳ ನಿಲ್ಲಲಿಲ್ಲ. ಟಿವಿಯಲ್ಲಿ ಕೂತು ರಜೆಯ ಮಾತೆತ್ತಿ ಚುಚ್ಚಿದವರಲ್ಲಿ ಡೊನೊವನ್ ಕೂಡ ಒಬ್ಬ! 2013ರಲ್ಲಿ ಆಟದಿಂದ ತಿಂಗಳುಗಟ್ಟಲೆ ಬಿಡುವು ಪಡೆದು ಕಾಂಬೋಡಿಯಾ ಸುತ್ತಿ ಬಂದು, ತಾನೇ ಇಂಥ ಬೈಗುಳ ತಿಂದವನು.

ನಮ್ಮವರಿಗೆ ಇದು ಹೊಸ ರಾಗವೇನಲ್ಲ. ಊರು ಬಿಟ್ಟರೆ 'ಡಾಲರ್ ಆಸೆ', ಬೆಂಗಳೂರಿಗೆ ಮರಳಿದರೆ 'ಅಲ್ಲಿ ಕೆಲಸ ಹೋಯಿತಂತಾ?' ಎನ್ನುವ ನೆಂಟರಿಷ್ಟರು ಯಾರಿಗಿಲ್ಲ ಹೇಳಿ?

ಅದೇ ಗೋಲ್ಡ್ ಕಪ್ ಸೆಮಿಫೈನಲ್‌ನಲ್ಲಿ ಗ್ವಾಟೆಮಾಲಾವನ್ನು 2-1ರಿಂದ ಸೋಲಿಸಿದಾಗ ಎರಡೂ ಗೋಲು ಹೊಡೆದವನು ರಿಯಲ್ ಸಾಲ್ಟ್ ಲೇಕ್‌ನ ಡಿಯಾಗೊ ಲೂನಾ, ಅಂದರೆ ಮನೆಯಲ್ಲೇ ಆಡುತ್ತಿದ್ದವನು. ಫೈನಲ್‌ನಲ್ಲಿ ಮೆಕ್ಸಿಕೋ 2-1ರಿಂದ ಗೆದ್ದಿತು. ಲೂನಾ ಬಗ್ಗೆ ಎದ್ದ ಪ್ರಶ್ನೆಯೇನು ಗೊತ್ತೇ? ಯುರೋಪಿಗೆ ಯಾವಾಗ ಹೋಗುತ್ತಾನೆ?