ಇದು ಯಾವ ನಿಲ್ದಾಣ?

ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಸಾಗುವ ರಾತ್ರಿಯ ರೈಲು ದಾವಣಗೆರೆಯನ್ನು ಬಿಟ್ಟ ಮೇಲೆ ಹರಿಹರವನ್ನು ತಲಪಲು ಹೆಚ್ಚು ಹೊತ್ತು ಹಿಡಿಯದು. ನಡುವಣ ಅಂತರ ಸುಮಾರು 14 ಕಿಲೋಮೀಟರು. ಗಾಡಿ ನಿಂತ ಕುಲುಕಿಗೆ ಎಚ್ಚೆತ್ತ ಪ್ರಯಾಣಿಕನು ಮೊದಲು ಅರಸುವುದು ಹಳದಿಯ ನಾಮಫಲಕವನ್ನು. ಚಹಾದವನ ಕೂಗು, ಮಂಕು ದೀಪ, ಕಲ್ಲುಬೆಂಚು ಎಲ್ಲೆಡೆಯೂ ಒಂದೇ ಬಗೆ. ಆ ಫಲಕವಿಲ್ಲದಿದ್ದರೆ ಹರಿಹರದವರು ಎಷ್ಟು ಮಂದಿ ದಾವಣಗೆರೆಯಲ್ಲಿಯೇ ಹಾಸಿಗೆ ಸುತ್ತಿಕೊಂಡು ಇಳಿಯುತ್ತಿದ್ದರೋ!

ಗಣಕಯಂತ್ರಗಳ ಲೋಕದಲ್ಲಿಯೂ ಇಂತಹ ನಿದ್ದೆಗಣ್ಣಿನ ಪ್ರಯಾಣಿಕರುಂಟು. ದಾವಣಗೆರೆಯ ಮನೆಯೊಂದರಲ್ಲಿ ಕುಳಿತ ತರುಣನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನ ಪರದೆಯ ಮೇಲೆ ಎರಡು ಕಪ್ಪು ಕಿಟಕಿಗಳು. ಒಂದು ದಾವಣಗೆರೆಯ ಅಂಗಡಿಯ ನಿಜವಾದ ಲೆಕ್ಕಪತ್ರವಿರುವ ಯಂತ್ರಕ್ಕೆ, ಇನ್ನೊಂದು ಹರಿಹರದ ಉಗ್ರಾಣದಲ್ಲಿರುವ ಪ್ರಯೋಗದ ಯಂತ್ರಕ್ಕೆ ತೆರೆದ ಬಾಗಿಲು. ಎರಡರಲ್ಲಿಯೂ ಕಾಣುವುದು ಒಂದೇ ಡಾಲರು ಗುರುತು.

“ಊಟಕ್ಕೆ ಬಾರೋ, ಹನ್ನೊಂದಾತು” ಎಂದು ಒಳಗಿನಿಂದ ತಾಯಿಯ ಕರೆ.

“ಬಂದೆ ಅವ್ವ, ಇದೊಂದು ಅಳಿಸಿ ಬರ್ತೀನಿ.”

ಅಳಿಸಬೇಕಾದದ್ದು ಹರಿಹರದ ಹಳೆಯ ಕಡತಗಳನ್ನು. ಬೆರಳು ನಿಂತಿರುವುದು ಯಾವ ಕಿಟಕಿಯಲ್ಲಿ? ‘ಆರ್‌ಎಂ’ ಎಂಬ ಆಜ್ಞೆಯಿಂದ ಅಳಿದುದು ಕಸದ ಬುಟ್ಟಿಯಲ್ಲಿಯೂ ಉಳಿಯದು.

ಇದು ಬರಿಯ ಕಲ್ಪನೆಯ ಭಯವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಇಂಜಿನಿಯರೊಬ್ಬರು ನಕಲು ಯಂತ್ರದಲ್ಲಿರುವೆನೆಂದು ಭಾವಿಸಿ ಮೂಲ ಯಂತ್ರದಲ್ಲಿಯೇ ಅಳಿಸುವ ಆಜ್ಞೆಯನ್ನು ಕೊಟ್ಟರು. ಡಿಬಿ1, ಡಿಬಿ2 ಎಂಬ ಆ ಯಂತ್ರಗಳ ಹೆಸರುಗಳಿಗೆ ಒಂದೇ ಅಂಕಿಯ ವ್ಯತ್ಯಾಸ. ಒಂದೆರಡು ಕ್ಷಣಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟ್ ಮಾಹಿತಿ ಹೋಗಿದ್ದಿತು. ಆರು ಗಂಟೆ ಮೊದಲಿನ ಪ್ರತಿಯೊಂದು ಅದೃಷ್ಟವಶಾತ್ ಉಳಿದಿದ್ದುದರಿಂದ ಸಂಸ್ಥೆ ಮತ್ತೆ ಎದ್ದು ನಿಂತಿತು. ನಡುವಣ ಆರು ಗಂಟೆಗಳಲ್ಲಿ ಬಳಕೆದಾರರು ಸೇರಿಸಿದ ಮಾಹಿತಿ ಮರಳಲಿಲ್ಲ. ಯಂತ್ರಗಳನ್ನು ಬೇರೆ ಬೇರೆಯಾಗಿ ಗುರುತಿಸುವಂತೆ ಪ್ರಾಂಪ್ಟ್ ಸಾಲನ್ನು ತಿದ್ದಬೇಕೆಂಬುದೂ ಆ ಬಳಿಕ ಅವರು ನಿಶ್ಚಯಿಸಿದ ಕ್ರಮಗಳಲ್ಲಿ ಒಂದು.

ಆಜ್ಞೆಯನ್ನು ಬರೆಯುವ ಮುನ್ನ ಯಂತ್ರವೇ ತೋರಿಸುವ ಆ ಚಿಕ್ಕ ಸಾಲೇ ಪ್ರಾಂಪ್ಟ್. ರೈಲು ನಿಲ್ದಾಣದ ಹಳದಿ ಫಲಕಕ್ಕೆ ಸಮಾನವಾದುದು. 1989ರಲ್ಲಿ ಹೊರಬಂದ ಬ್ಯಾಷ್ ಎಂಬ ಶೆಲ್ಲಿನಲ್ಲಿ ಈ ಫಲಕದ ಬರಹ ಪಿಎಸ್1 ಎಂಬ ಹೆಸರಿನಡಿ ಇರುತ್ತದೆ. ಅದರಲ್ಲಿ ಬ್ಯಾಕ್‌ಸ್ಲ್ಯಾಷ್ ಎಂಬ ಓರೆಗೆರೆಯ ಮುಂದೆ ‘ಯು’ ಎಂದು ಬರೆದರೆ ಬಳಕೆದಾರನ ಹೆಸರು, ‘ಎಚ್’ ಎಂದರೆ ಯಂತ್ರದ ಹೆಸರು, ‘ಡಬ್ಲ್ಯೂ’ ಎಂದರೆ ನಿಂತಿರುವ ಕಡತಕೋಶ ಕಾಣುವುದು. ಬಣ್ಣಕ್ಕೂ ಅಂಕಿಗಳುಂಟು: 31 ಕೆಂಪು, 32 ಹಸಿರು. ನಿಜವಾದ ಲೆಕ್ಕದ ಯಂತ್ರಕ್ಕೆ ಕೆಂಪು, ಪ್ರಯೋಗದ ಯಂತ್ರಕ್ಕೆ ಹಸಿರು ಎಂದಿಟ್ಟುಕೊಂಡರೆ ಓದುವ ಮೊದಲೇ ಕಣ್ಣು ಎಚ್ಚರಗೊಳ್ಳುತ್ತದೆ. ಎಲ್ಲಕ್ಕೂ ಕೆಂಪನ್ನೇ ಬಳಿದರೆ ಮಾತ್ರ ಮೊದಲಿನ ಗೊಂದಲವೇ ಉಳಿಯುವುದು. ಊರಿನ ಹೆಸರನ್ನು ಆಯಾ ನಿಲ್ದಾಣದಲ್ಲಿಯೇ ಬರೆಯಿಸುವಂತೆ, ಈ ಬರಹವನ್ನೂ ಆಯಾ ಯಂತ್ರದ ‘ಡಾಟ್ ಬ್ಯಾಷ್‌ಆರ್‌ಸಿ’ ಕಡತದಲ್ಲಿಯೇ ಬರೆದಿಡಬೇಕು.

ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯುಂಟು. ಅಲ್ಲಿಯ ಒಂದೇ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಇಬ್ಬರನ್ನೂ ಒಂದಾಗಿ ಕಾಣುವ ಭಾಗ್ಯ ಭಕ್ತನದು. ಎರಡು ಯಂತ್ರಗಳ ಮುಂದೆ ಕುಳಿತ ತರುಣನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಫಲಕವನ್ನೊಮ್ಮೆ ಓದಿ, ಬಳಿಕ ಗುಂಡಿಯನ್ನೊತ್ತಿ ಊಟಕ್ಕೆ ಏಳಲಿ. ಅಷ್ಟರಲ್ಲಿ ಸಾರು ಆರಿದ್ದರೆ ಅವ್ವ ಮತ್ತೊಮ್ಮೆ ಬಿಸಿ ಮಾಡಿಯಾಳು. ಅಳಿದ ಲೆಕ್ಕವನ್ನು ಮರಳಿ ತರುವುದು ಅವಳಿಂದಲೂ ಆಗದು.